ಸಾಯದ ಪಾಳೇಗಾರನಿಗೆ ಕೂಸು ಕೊಟ್ಟ ಓಬಳಮ್ಮ

ಓಬಳಮ್ಮನ ಬಾಯಲ್ಲಿ ಹಲ್ಲಿಲ್ಲ ಕಣ್ರೀ. ಮೇಲೆ ಮೂರು, ಕೆಳಗೆ ಎರಡು, ಅವೂ ಒಂದಕ್ಕೊಂದು ಸಿಗಲ್ಲ. ಚಕ್ಕುಲಿ ಕೊಟ್ರೆ ಟೀ ಲೋಟದಲ್ಲಿ ಅದ್ದಿಟ್ಟು ಅದು ಮೆತ್ತಗಾಗೋವರೆಗೂ ಊರ ಸಮಾಚಾರ ಮಾತಾಡ್ತಾ ಕೂರ್ತಾಳೆ. ಇಂಥಾ ಹೆಂಗಸನ್ನ ನೋಡಿ ಮಧುಗಿರಿಯ ನಮ್ಮ ಬೀದಿ 'ರಕ್ತ ಕುಡಿಯೋಳು' ಅಂತ ಹೆದರಿತು ಅಂದ್ರೆ, ನಾನು ನಗಬೇಕೋ, ಯಾರಿಗಾದ್ರೂ ಎರಡು ಬಿಗೀಬೇಕೋ, ನೀವೇ ಹೇಳಿ.

ನಾನು ಶಿವರುದ್ರಮ್ಮ. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದೋಳು, ಹೋದ ವರ್ಷ ರಿಟೈರಾದೆ. ನನ್ನ ಬಾಯಿ ಜೋರು ಅಂತ ನಮ್ಮ ಯಜಮಾನ್ರು ವೃಷಭೇಂದ್ರಪ್ಪನೋರು ಊರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ. ಹೇಳ್ಕೊಳ್ಳಲಿ. ಆದ್ರೆ ಓಬಳಮ್ಮನ ವಿಷಯದಲ್ಲಿ ಆ ಜೋರು ಬಾಯಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ. ಅದೆಲ್ಲ ಶುರುವಾಗಿದ್ದೂ ನನ್ನ ಬಾಯಿಂದಲೇ. ಅದನ್ನೂ ಹೇಳ್ತೀನಿ, ಮುಚ್ಚಿಡಲ್ಲ.

ಓಬಳಮ್ಮ ನಮ್ಮ ಎದುರು ಮನೆಯೋಳು. ಹುಟ್ಟಿದ್ದು ಕೊರಟಗೆರೆ ಕಡೆ ಹೊಳವನಹಳ್ಳಿ. ಹದಿನೆಂಟಕ್ಕೆ ಓಬಳಯ್ಯನ್ನ ಮದುವೆಯಾಗಿ ಇಲ್ಲಿಗೆ ಬಂದ್ಲು. "ಗಂಡಂದೂ ನಂದೂ ಒಂದೇ ಹೆಸ್ರು ಟೀಚ್ರಮ್ಮ, ಅತ್ತೆ ಒಂದ್ ಸಲ ಕೂಗಿದ್ರೆ ಇಬ್ರೂ ಓಡ್ತಿದ್ವಿ" ಅಂತ ಈಗಲೂ ನಗ್ತಾಳೆ. ಓಬಳಯ್ಯ ದವಸದ ಮಂಡಿಯಲ್ಲಿ ಮೂಟೆ ಹೊರ್ತಿದ್ದ. ಮಗ ಚೇತನ್ ಕುಮಾರ್ ಹತ್ತನೇ ಕ್ಲಾಸಲ್ಲಿ ಇದ್ದಾಗ ಎದೆ ಹಿಡ್ಕೊಂಡು ಕೂತೋನು ಏಳಲೇ ಇಲ್ಲ. ಅವತ್ತಿಂದ ಮನೆ ನಡೆದಿದ್ದು ಓಬಳಮ್ಮನ ಎರಡು ಕಾಲಿನ ಮೇಲೆ. ಮಾತಿಗೆ ಹೇಳ್ತಿಲ್ಲ, ನಿಜವಾಗಲೂ ಕಾಲಿನ ಮೇಲೆ. ಅವಳು ಬಾಣಂತಿ ಮನೆಗಳಲ್ಲಿ ಕೂಸುಗಳಿಗೆ ಎರೆಯೋಳು.

ಅವಳು ಎರೆಯೋದನ್ನ ನೋಡಬೇಕು ನೀವು. ಬಚ್ಚಲಲ್ಲಿ ಮಣೆ ಹಾಕ್ಕೊಂಡು, ಸೀರೆ ಮಂಡಿ ಮೇಲಕ್ಕೆ ಎತ್ತಿ ಕಟ್ಟಿ, ಎರಡು ಕಾಲೂ ಜೋಡಿಸಿ ನೀಡ್ತಾಳೆ. ಆ ಕಾಲ್ಗಳ ಮೇಲೆ ಕೂಸನ್ನ ಮಕಾಡೆ ಮಲಗಿಸಿ ಹರಳೆಣ್ಣೆ ತಟ್ಟಿ, ಬೆನ್ನು ತೀಡಿ, ಆಮೇಲೆ ಮಗುಚಿ ಮೂಗು ಎತ್ತಿ, ಹಣೆ ಒತ್ತಿ, ಕಡ್ಲೆಹಿಟ್ಟಲ್ಲಿ ಉಜ್ಜಿ, ಅಂಗೈಲಿ ಕಣ್ಣಿಗೆ ಮರೆ ಮಾಡಿ ಬಿಸಿನೀರು ಹುಯ್ತಾಳೆ. ಕಿವಿಗೆ ಎಣ್ಣೆ ಬಿಡಬೇಡ ಅಂತ ನರ್ಸಮ್ಮ ಹೇಳಿದ ದಿನದಿಂದ ಒಂದು ಹನಿಯೂ ಬಿಟ್ಟಿಲ್ಲ, ಅಷ್ಟು ಮಾತು ಕೇಳೋಳು. ನಮ್ಮ ಬೀದಿಯಲ್ಲಿ ನಲವತ್ತು ದಾಟದ ತಲೆಗಳೆಲ್ಲ ಅವಳ ಕಾಲ ಮೇಲೆ ದುಂಡಗಾಗಿರೋವು. ನಮ್ಮ ಬೀದಿಯ ಪೊಲೀಸ್ ಹುಡುಗ ಬೈಕ್ ನಿಲ್ಲಿಸಿ ಮಾತಾಡಿಸಿದ್ರೂ "ಏನ್ಲಾ, ಹುಟ್ಟಿದಾಗ ಸೌತೆಕಾಯಿ ಇದ್ದಂಗಿತ್ತು ನಿನ್ನ ತಲೆ, ನೆಟ್ಟಗೆ ಮಾಡಿದ್ದು ನಾನು" ಅಂದುಬಿಡೋಳು. ನನ್ನ ಮಗ ನಾಗಭೂಷಣ್, ಮಗಳು ಲೋಹಿತಾ, ಇಬ್ಬರಿಗೂ ಅವಳೇ ಎರೆದಿದ್ದು.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಇತ್ತು. ಅದು ಅವಳ ಅತ್ತೆಯಿಂದ ಬಂದದ್ದು, ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ. ಕೂಸನ್ನ ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ, ತಾಯಿ ಕೈಗೆ ಕೊಡೋಕೆ ಮುಂಚೆ ಅದರ ನೆತ್ತಿ ಮೇಲೆ ತುಟಿ ಇಟ್ಟು ಮೆಲ್ಲಗೆ ಉಸಿರು ಎಳ್ಕೊತಾಳೆ. ಎಡಗಡೆ ತಿರುಗಿ ಬಚ್ಚಲ ತೂತಿಗೆ ಮೂರು ಸಲ ಥೂ, ಥೂ, ಥೂ ಅಂತ ಉಗೀತಾಳೆ. ಕೂಸಿಗೆ ಬಿದ್ದ ಕಣ್ಣನ್ನ ತಾನು ಎಳ್ಕೊಂಡು ಉಗಿದೆ ಅಂತ ಲೆಕ್ಕ. ಅದರಲ್ಲೂ ಒಂದು ಗುಟ್ಟು. "ನೆತ್ತಿ ಉಪ್ಪುಪ್ಪಗಿದ್ರೆ ಯಾರ್ದೋ ಕಣ್ ಬಿದ್ದೈತೆ ಅಂತ, ಸಪ್ಪಗಿದ್ರೆ ಕೂಸು ಚೆನ್ನಾಗೈತೆ ಅಂತ" ಅನ್ನೋಳು. ನಂಬಿದ್ರೆ ನಂಬಿ, ಬಿಟ್ಟರೆ ಬಿಡಿ. ನಾನು ನಂಬಿರಲಿಲ್ಲ. ಆದ್ರೆ ನನ್ನ ಮಕ್ಕಳಿಗೆ ಎರೆದಾಗ ಪ್ರತಿ ದಿನ "ಹೆಂಗಿತ್ತೇ ಓಬಳಮ್ಮ?" ಅಂತ ಕೇಳದೆ ಬಿಟ್ಟಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ.

ಎರಡು ವರ್ಷದ ಹಿಂದೆ ಬೆಟ್ಟದ ಬುಡಕ್ಕೆ ಟೀವಿ ಸೀರಿಯಲ್ನೋರು ಬಂದ್ರು. 'ಸಾಯದ ಪಾಳೇಗಾರ' ಅಂತ. ಯಾವುದೋ ಪರದೇಶದ ಹಳೇ ಕಥೆಯಂತೆ. ಕೋಟೆಯಲ್ಲಿ ಒಬ್ಬ ದೊರೆ, ಸತ್ತರೂ ಸಾಯದೋನು, ಹಗಲೆಲ್ಲ ಪೆಟ್ಟಿಗೆಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಎದ್ದು ಜನರ ರಕ್ತ ಕುಡಿಯೋನು. ಆ ದೊರೆಗೆ ಮೀಸೆ ಅಂಟಿಸಿ, ಪೇಟ ಸುತ್ತಿ, ನಮ್ಮ ಕಡೆ ಪಾಳೇಗಾರನ್ನ ಮಾಡಿ, ನಮ್ಮ ಕೋಟೆಗೇ ತಂದು ಕೂರಿಸಿದ್ರು. ಅವರ ಮ್ಯಾನೇಜರ್ ಒಬ್ಬ ಬೀದಿಗೆ ಬಂದು, "ಕೂಸಿಗೆ ಸ್ನಾನ ಮಾಡಿಸೋ ಒಬ್ಬ ಅಜ್ಜಿ ಬೇಕು, ನಿಜವಾಗಲೂ ಮಾಡಿಸೋಕೆ ಬರಬೇಕು" ಅಂತ ವಿಚಾರಿಸಿದ. ಯಾರಾದ್ರೂ ಸುಮ್ಮನಿದ್ರಾ? ನಾನು ಸುಮ್ಮನಿದ್ನಾ? ಗೇಟಿನ ಹತ್ರ ನಿಂತು ಎದುರು ಮನೆ ಕಡೆ ಕೈ ತೋರಿಸಿದೆ. "ಇವಳನ್ನ ಬಿಟ್ಟರೆ ಇನ್ಯಾರೂ ಇಲ್ಲ ಈ ತಾಲ್ಲೂಕಲ್ಲಿ" ಅಂತ ಜಂಬದಿಂದ ಹೇಳ್ದೆ.

ಓಬಳಮ್ಮ ಬೇಡ ಅಂದ್ಲು. "ನಂಗ್ಯಾಕ್ ಟೀಚ್ರಮ್ಮ ಈ ವಯಸ್ಸಲ್ಲಿ ನಾಟ್ಕ" ಅಂತ ಸೆರಗು ಬಾಯಿಗೆ ಅಡ್ಡ ಹಿಡಿದ್ಲು. ನಾನೇ ಒತ್ತಾಯ ಮಾಡಿದೆ. "ಹೋಗೇ, ನಾಳೆ ಮೊಮ್ಮಗು ಹುಟ್ಟಿದ್ರೆ ತೋರಿಸಬಹುದು, ನಿನ್ನಜ್ಜಿ ಟೀವಿಲಿ ಬಂದಿದ್ಲು ಅಂತ" ಅಂದೆ. ಆಗಿನ್ನೂ ಮಗನಿಗೆ ಮದುವೆ ಗೊತ್ತಾಗಿತ್ತಷ್ಟೆ. ಮೊಮ್ಮಗು ಅಂದ ತಕ್ಷಣ ಅವಳ ಮುಖ ಅರಳಿತು. ಯಾಕೆ ಅಂದ್ರೆ ಅವಳಿಗಿದ್ದ ಆಸೆ ಅದೊಂದೇ. ಊರವರ ಕೂಸುಗಳಿಗೆಲ್ಲ ಎರೆದಳು. ಸ್ವಂತ ಮಗನಿಗೆ ಮಾತ್ರ ಎರೆದಿದ್ದು ಅವಳ ಅತ್ತೆ. "ನನ್ನ ಮಗುಂಗೆ ನಾನು ಒಂದ್ ದಿನಾನೂ ನೀರ್ ಹುಯ್ಲಿಲ್ಲ. ಮೊಮ್ಮಗೀಗೆ ಮಾತ್ರ ಬೇರೆ ಯಾರ್ನೂ ಮುಟ್ಸಲ್ಲ" ಅಂತ ಎಷ್ಟು ಸಲ ಹೇಳಿದ್ಲೋ.

ಶೂಟಿಂಗಿಗೆ ನಾನೂ ಜೊತೆಗೆ ಹೋಗಿದ್ದೆ. ಬೆಳಗ್ಗೆ ಏಳಕ್ಕೆ ಕರೆಸಿ ಸಂಜೆ ನಾಲ್ಕರವರೆಗೂ ಒಂದು ಕಲ್ಲಿನ ಮೇಲೆ ಕೂರಿಸಿದ್ರು. ಎರೆಯೋಕೆ ಹೋಗೋವಾಗ ಓಬಳಮ್ಮ ಎಂದೂ ಬಾಯಿಗೆ ಎಲೆ ಹಾಕಿದೋಳಲ್ಲ. ಅವತ್ತು ಕೂತು ಕೂತು ಬೇಜಾರಾಗಿ ಎಲೆ, ಅಡಿಕೆ, ಸುಣ್ಣ ಕುಟ್ಟಿ ಬಾಯಿಗೆ ಹಾಕ್ಕೊಂಡ್ಲು. ಹಾಕ್ಕೊಂಡ ಐದು ನಿಮಿಷಕ್ಕೇ "ಅಜ್ಜಿ ಬನ್ನಿ, ಅಜ್ಜಿ ಬನ್ನಿ" ಅಂತ ಎಳ್ಕೊಂಡು ಹೋದ್ರು. ಕೂಸು ನಿಜವಾದ ಕೂಸೇ, ಐದು ತಿಂಗಳದ್ದು, ಅವರಲ್ಲೇ ಬಟ್ಟೆ ಹೊಲಿಯೋ ಹುಡುಗಿಯದು. ಡೈರೆಕ್ಟರ್ ಹೇಳಿದ್ದು ಇಷ್ಟೇ: "ಅಮ್ಮ, ಮನೇಲಿ ಹೆಂಗೆ ಮಾಡ್ತೀರೋ ಹಂಗೆ ಮಾಡಿ. ಕೊನೇಗೆ ಮಗುನ ಆ ಕಿಟಕಿಯಿಂದ ಆಚೆ ಕೊಟ್ಬಿಡಿ." ಕಿಟಕಿ ಆಚೆ ಒಂದು ಕೈ ಇತ್ತು. ತಾಯಿ ಕೈ ಇರಬೇಕು ಅಂತ ಅಂದ್ಕೊಂಡ್ಲು ಇವಳು. ನಾನೂ ಹಂಗೇ ಅಂದ್ಕೊಂಡೆ.

ಎರೆದಳು. ಆ ಸುಡೋ ಲೈಟುಗಳು, ನಲವತ್ತು ಜನ, ಅಷ್ಟು ಕಣ್ಣು ಆ ಬತ್ತಲೆ ಕೂಸಿನ ಮೇಲೆ. ಓಬಳಮ್ಮನಿಗೆ ತಡೆಯೋಕಾಗಲಿಲ್ಲ. ಬಾಯಲ್ಲಿ ಎಲೆ ಇರೋದೂ ಮರೆತು ನೆತ್ತಿಗೆ ತುಟಿ ಇಟ್ಟು ಎಳ್ಕೊಂಡು ಎಡಕ್ಕೆ ತಿರುಗಿ ಥೂ ಥೂ ಥೂ ಅಂದ್ಲು. ಆಮೇಲೆ ಕಿಟಕಿಯಿಂದ ಕೂಸು ಕೊಟ್ಟಳು. ಡೈರೆಕ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಎರೆಯೋದು ಅವನಿಗೆ ಮೆಚ್ಚುಗೆಯಾಯ್ತು ಅಂತ ಇವಳು ಕೈ ಮುಗಿದ್ಲು. ದಾರಿಯಲ್ಲಿ ಬರುವಾಗ, "ಆ ಕೂಸಿನ ನೆತ್ತಿ ಉಪ್ಪೋ ಉಪ್ಪು ಟೀಚ್ರಮ್ಮ, ಸದ್ಯ, ತೆಗ್ದೆ" ಅಂತ ನೆಮ್ಮದಿಯಾಗಿ ಹೇಳಿದ್ಲು.

ಅದು ಟೀವಿಯಲ್ಲಿ ಬಂದಿದ್ದು ಒಂದೂವರೆ ವರ್ಷ ಆದ ಮೇಲೆ. ಅಷ್ಟರಲ್ಲಿ ಚೇತನ್ ಕುಮಾರನ ಮದುವೆಯಾಗಿತ್ತು. ಅವನಿಗೆ ಪಾವಗಡದ ಸೋಲಾರ್ ಪಾರ್ಕಲ್ಲಿ ಕೆಲಸ. ಹುಡುಗಿ ಆ ಕಡೆಯೋಳೇ, ಬಲಸಮುದ್ರದ ನಾಗಮಣಿ. ಒಳ್ಳೇ ಹುಡುಗಿ, ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣೋರು. ಅವನು ವಾರಕ್ಕೊಂದು ಸಲ ಬಂದು ಹೋಗೋನು. ಸೊಸೆಗೆ ಆಗ ಆರು ತಿಂಗಳು. ಸಂಜೆ ಏಳಕ್ಕೆ ನಮ್ಮನೆ ಹಾಲಲ್ಲಿ ಎಂಟು ಜನ ಹೆಂಗಸರು. ಕರೆದೋಳು ನಾನೇ, ಮಂಡಕ್ಕಿ ಕಲಸಿಟ್ಟೋಳೂ ನಾನೇ. ಓಬಳಮ್ಮ ಹೊಸ ಸೀರೆ ಉಟ್ಟು ಮುಂದೆ ಕೂತಿದ್ಲು, ಪಕ್ಕದಲ್ಲಿ ನಾಗಮಣಿ.

ಬಂತು. ಎಣ್ಣೆ ಹಚ್ಚೋದು ಇಲ್ಲ, ತೀಡೋದು ಇಲ್ಲ, ನೀರು ಹುಯ್ಯೋದು ಇಲ್ಲ. ಎಲ್ಲಾ ಕತ್ತರಿಸಿ ಹಾಕಿದ್ರು. ಬರೀ ನೆತ್ತಿ, ಅದರ ಮೇಲೆ ಇವಳ ಬಾಯಿ, ಢಂ ಢಂ ಅಂತ ಸದ್ದು. ಇವಳು ತಿರುಗಿದ್ಲು. ನಿಧಾನಕ್ಕೆ, ಮೂರು ಸಲ, ಕೆಂಪಗೆ ಉಗಿದ್ಲು. ಎಲೆ ಅಡಿಕೆ ಕೆಂಪು ಕಣ್ರೀ ಅದು! ಆಮೇಲೆ ಕಿಟಕಿಯಾಚೆಯಿಂದ ಉದ್ದುದ್ದ ಉಗುರಿನ ಕೈಯೊಂದು ಬಂತು. ಪಾಳೇಗಾರನ ಕೈ, ಆಮೇಲೆ ಬೇರೆ ತೆಗೆದು ಸೇರಿಸಿದ್ದು. ಅದಕ್ಕೆ ಕೂಸು ಕೊಡ್ತಾ ಯಾವಳದೋ ಗೊಗ್ಗರು ದನಿಯಲ್ಲಿ ಓಬಳಮ್ಮ ಹೇಳ್ತಾಳೆ, "ನನ್ನ ಪಾಲು ನಂಗೆ ಸಂದಾಯ್ತು ದೊರೆ, ಇನ್ನು ನಿನ್ನ ಪಾಲು."

ಕೂತಿದ್ದೋರು ಯಾರೂ ಮಂಡಕ್ಕಿ ಅಗೀಲಿಲ್ಲ. ಓಬಳಮ್ಮ ನನ್ನ ಕಡೆ ತಿರುಗಿ, "ಟೀಚ್ರಮ್ಮ, ಆ ದನಿ ನಂದಲ್ವಲ್ಲ? ನಾನ್ ಏನೂ ಮಾತಾಡ್ಲಿಲ್ವಲ್ಲ?" ಅಂತ ಕೇಳಿದ್ಲು. ನಾನು ರಿಮೋಟು ಹುಡುಕ್ತಿದ್ದೆ. ನಾಗಮಣಿ ಹೊಟ್ಟೆ ಮೇಲೆ ಎರಡೂ ಕೈ ಇಟ್ಕೊಂಡಿದ್ಲು, ಟೀವಿ ನೋಡ್ತಿರಲಿಲ್ಲ, ಅತ್ತೆಯ ಬಾಯಿ ನೋಡ್ತಿದ್ಲು.

ಮಾರನೇ ದಿನಕ್ಕೆ ಆ ತುಂಡು ಎಲ್ಲರ ಮೊಬೈಲಲ್ಲೂ ಓಡಾಡ್ತು. ಎರೆಯೋಕೆ ಬರಬೇಡ ಅಂತ ಮೊದಲು ಅಂದಿದ್ದು ನಮ್ಮ ಬೀದಿಯ ಸಣ್ಣರಂಗಯ್ಯನ ಮನೆಯೋರು. ಅವರ ಮಗಳ ಬಾಣಂತನ ನಡೀತಿತ್ತು, ಓಬಳಮ್ಮ ದಿನಾ ಹೋಗ್ತಿದ್ಲು. "ಇನ್ಮೇಲೆ ನಾವೇ ನೀರ್ ಹಾಕ್ಕಂತೀವಿ ಬುಡಮ್ಮ, ನಿಂಗೂ ವಯಸ್ಸಾಯ್ತು" ಅಂದ್ರಂತೆ. ಆಮೇಲೆ ಒಂದೊಂದೇ ಮನೆ. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಅದೇ ನನಗೆ ಉರಿ. ಬೈದಿದ್ರೆ ತಿರುಗಿ ಬೈಯಬಹುದಿತ್ತು. ಎಲ್ಲರೂ ನಗ್ತಾ ನಗ್ತಾ ಬೇಡ ಅಂದ್ರು. ಅಂಗನವಾಡಿ ಮಕ್ಕಳು ಓಬಳಮ್ಮ ಬೀದಿಯಲ್ಲಿ ಬಂದ್ರೆ ಎರಡೂ ಕೈ ನೆತ್ತಿ ಮೇಲೆ ಇಟ್ಕೊಂಡು ಓಡೋವು. ಅವಳು ಮೊದಮೊದಲು ಆಟ ಅಂದ್ಕೊಂಡು ತಾನೂ ನೆತ್ತಿ ಮೇಲೆ ಕೈ ಇಟ್ಕೊಂಡ್ಲು. ಪಾಪ.

ನಾನು ಸಣ್ಣರಂಗಯ್ಯನ ಹೆಂಡತಿ ಹತ್ರ ಜಗಳಕ್ಕೇ ಹೋದೆ. "ಅಲ್ಲ ಕಣೆ, ನಿನ್ನ ಮೂರು ಮಕ್ಕಳಿಗೂ ಇವಳು ಹಿಂಗೇ ಉಗಿದಿದ್ಲು, ನಿಂತ್ಕೊಂಡು ನೋಡಿದ್ಯಲ್ಲ, ಮರ್ತೋಯ್ತಾ?" ಅಂದೆ. ಅವಳು ತಲೆ ತಗ್ಗಿಸಿ, "ನಾಟ್ಕ ಅಂತ ನಂಗೂ ಗೊತ್ತು ಟೀಚ್ರೇ. ಆದ್ರೆ ಆಗ ಅಷ್ಟು ಹತ್ರದಿಂದ ನೋಡಿರ್ಲಿಲ್ಲ. ಈಗ ಆಯಮ್ಮ ಕೂಸ್ ಎತ್ಕಂಡ್ರೆ ನಂಗೆ ಎದೆ ಢವಢವ ಅಂತದೆ, ಏನ್ ಮಾಡ್ಲಿ?" ಅಂದ್ಲು. ಇದಕ್ಕೆ ಏನು ಹೇಳ್ತೀರಿ? ನಾನು ಮನೆಗೆ ವಾಪಸ್ ಬಂದೆ.

ಆ ಮ್ಯಾನೇಜರಿಗೆ ಫೋನ್ ಮಾಡಿದೆ. ಎಲೆ ಅಡಿಕೆ ಅಂತ ಒಂದು ಸಾಲು ಟೀವಿಯಲ್ಲಿ ಹಾಕಿ, ಆ ದನಿ ಅವಳದಲ್ಲ ಅಂತ ಹೇಳಿ ಅಂದೆ. ಅವನು ಖುಷಿಯಾಗಿ, "ಮೇಡಂ, ಅಜ್ಜಿ ಸೀನು ಸೂಪರ್ ಹಿಟ್! ಇನ್ನೊಂದು ಸಲ ಕರೀಬೇಕು ಅಂತಿದ್ವಿ" ಅಂದ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಬೈಗುಳ ಅರ್ಧದಲ್ಲಿರುವಾಗಲೇ ಫೋನ್ ಇಟ್ಟ. ಮತ್ತೆ ಎತ್ತಲಿಲ್ಲ.

ಓಬಳಮ್ಮ ಮಾತ್ರ ಹೆಚ್ಚು ಅಳಲಿಲ್ಲ. "ಹೋಗ್ಲಿ ಬುಡಿ ಟೀಚ್ರಮ್ಮ. ಊರೋರ್ ಕೂಸು ಊರೋರ್ದು. ನನ್ನ ಮೊಮ್ಮಗು ಬತ್ತದಲ್ಲ, ಅಷ್ಟ್ ಸಾಕು" ಅಂದ್ಲು. ಏಳನೇ ತಿಂಗಳಲ್ಲಿ ನಾಗಮಣಿ ಹೆರಿಗೆಗೆ ಅಂತ ತವರಿಗೆ ಹೋದ್ಲು. ಬಸ್ ಹತ್ತೋವಾಗ ಅತ್ತೆ ಕಾಲಿಗೆ ಬಿದ್ದು ಅತ್ತಳು, ಯಾಕೆ ಅತ್ತಳೋ ನನಗೆ ಆಗ ತಿಳೀಲಿಲ್ಲ. ಇವಳು ಹಳೇ ಸೀರೆಗಳನ್ನ ಒಗೆದು ಮೆತ್ತಗೆ ಮಾಡಿ ಚೌಕ ಚೌಕ ಹರಿದಿಟ್ಟಳು. ಹರಳು ಹುರಿದು ಕುಟ್ಟಿ ಕುದಿಸಿ ಎಣ್ಣೆ ತೆಗೆದಳು. ಎಲೆ ಅಡಿಕೆ ಬಿಟ್ಟಳು. ನಲವತ್ತು ವರ್ಷದ ಚಟ, ಒಂದೇ ದಿನಕ್ಕೆ. ಚೀಲ ಸಮೇತ ತಿಪ್ಪೆಗೆ ಎಸೆದಳು.

ಹೆಣ್ಣು ಕೂಸು ಹುಟ್ಟಿತು ಅಂತ ಚೇತನ್ ಫೋನ್ ಮಾಡಿದ. "ನಾಳೇನೇ ಬತ್ತೀನಿ" ಅಂದ್ಲು ಇವಳು. "ಈಗ್ಲೇ ಬ್ಯಾಡಮ್ಮ" ಅಂದ. ವಾರ ಬಿಟ್ಟು ಕೇಳಿದ್ರೂ ಬ್ಯಾಡ. "ಒಂದ್ ತಿಂಗ್ಳು ತಡಕೋ ಅಮ್ಮ, ಅವ್ರ ಮನೇಲಿ ಒಂಥರಾ ಆಡ್ತಾವ್ರೆ. ನಂಗೂ ಏನ್ ಮಾಡಕ್ಕೂ ಆಗ್ತಿಲ್ಲ" ಅಂತ ಅವನೇ ಅಳೋ ಹಂಗಾದ. ಕೊನೆಗೆ ನಾಮಕರಣಕ್ಕೆ ಕರೆ ಬಂತು. ನನ್ನನ್ನ ಜೊತೆಗೆ ಕರ್ಕೊಂಡು ಹೊರಟಳು. ಮಣೆಯನ್ನೂ ಹೊತ್ಕೊಂಡು! "ಅಲ್ಲಿ ಮಣೆ ಇರಲ್ವೇನೇ?" ಅಂದ್ರೆ, "ಇದು ನಮ್ಮತ್ತೇದು" ಅಂದ್ಲು. ಮಿಡಿಗೇಶಿ ದಾಟಿದ್ರೂ ಮಣೆ ತೊಡೆ ಮೇಲೇ ಇತ್ತು, ಕಂಡಕ್ಟರು ಕೆಳಗಿಡಮ್ಮ ಅಂದ್ರೂ ಇಡಲಿಲ್ಲ.

ಪಾವಗಡದಲ್ಲಿ ಇಳಿದು ಆಟೋ ಹಿಡಿದ್ವಿ. ರಸ್ತೆಯ ಎರಡೂ ಕಡೆ ಸೋಲಾರ್ ಹಲಗೆಗಳು, ಕಣ್ಣು ಬಿಡೋಕಾಗದ ಬಿಸಿಲು. ಬೀಗಿತ್ತಿ ಬಾಗಿಲಲ್ಲೇ ಕೈ ಹಿಡ್ಕೊಂಡು "ರಂಡಿ ವದಿನಾ, ಬನ್ನಿ ಅತ್ತಿಗೆ, ಕೂತ್ಕಳಿ" ಅಂತ ತೆಲುಗು ಕನ್ನಡ ಬೆರೆಸಿ ಚೆನ್ನಾಗೇ ಮಾತಾಡಿದ್ಲು. ಕಾಫಿ ಕೊಟ್ಟಳು. ಕೂಸು ಒಳಗಿತ್ತು. ಓಬಳಮ್ಮ ಕಾಫಿ ಮುಟ್ಟದೆ ನೇರವಾಗಿ ಕೇಳಿದ್ಲು, "ಕೂಸಿಗೆ ಇವತ್ತಿನ್ನೂ ನೀರ್ ಹುಯ್ದಿಲ್ಲ ತಾನೆ? ನಾನ್ ಹುಯ್ತೀನಿ ಅಕ್ಕ."

ಬೀಗಿತ್ತಿ ಮಗಳ ಮುಖ ನೋಡಿದ್ಲು. ಮಗಳು ಗಂಡನ ಮುಖ ನೋಡಿದ್ಲು. ಗಂಡ ನೆಲ ನೋಡಿದ. ಕೊನೆಗೆ ಬೀಗಿತ್ತಿ ಒಳಗೆ ಹೋಗಿ ಒಂದು ಮಾಸ್ಕ್ ತಂದ್ಲು. ಕೊರೊನಾ ಕಾಲದ್ದು, ನೀಲಿ ಬಣ್ಣದ್ದು. "ತಪ್ಪು ತಿಳ್ಕೋಬ್ಯಾಡಿ ವದಿನಾ. ಇದು ಹಾಕ್ಕಂಡು ಹುಯ್ಯಿರಿ. ಎಳೇ ಕೂಸು ನೋಡಿ" ಅಂದ್ಲು.

ನಾನು ಎದ್ದು ನಿಂತೆ. ಬಾಯಿ ತೆಗೀಬೇಕು ಅನ್ನೋಷ್ಟರಲ್ಲಿ ಓಬಳಮ್ಮ ನನ್ನ ಕೈ ಒತ್ತಿದ್ಲು. ಮಾಸ್ಕ್ ಇಸ್ಕೊಂಡು ಕಿವಿಗೆ ಸಿಕ್ಕಿಸಿಕೊಂಡ್ಲು. ಆ ಐದು ಹಲ್ಲೂ ಮರೆಯಾದ್ವು.

ಬಚ್ಚಲಲ್ಲಿ ಅತ್ತೆಯ ಮಣೆ ಹಾಕಿ ಕೂತು ಕಾಲು ನೀಡಿದ್ಲು. ಕೂಸನ್ನ ಇಟ್ಟ ತಕ್ಷಣ ಆ ಕೈಗಳಿಗೆ ಜೀವ ಬಂತು. ಐದು ತಿಂಗಳಿಂದ ಯಾವ ಕೂಸನ್ನೂ ಮುಟ್ಟದ ಕೈ. ಬೆನ್ನು ತೀಡಿದ್ಲು, ಮೂಗು ಎತ್ತಿದ್ಲು, "ನಮ್ಮತ್ತೇದೇ ಮೂಗು ಟೀಚ್ರಮ್ಮ" ಅಂತ ಮಾಸ್ಕಿನೊಳಗಿಂದಲೇ ನಕ್ಕಳು. ಕೂಸು ಅಳಲೇ ಇಲ್ಲ. ಬಚ್ಚಲ ಬಾಗಿಲಲ್ಲಿ ಬೀಗಿತ್ತಿ, ನಾಗಮಣಿ, ಇಬ್ಬರೂ ಕಣ್ಣು ಮಿಟುಕಿಸದೆ ನಿಂತಿದ್ರು. ಒರೆಸಿ, ಹೊಗೆ ತೋರಿಸಿ, ಹರಿದ ಸೀರೆಯ ಚೌಕದಲ್ಲಿ ಸುತ್ತಿ ಎತ್ತಿಕೊಂಡ್ಲು. ಅಭ್ಯಾಸದ ಮೇಲೆ ಬಗ್ಗಿದ್ಲು. ಮಾಸ್ಕು ನೆತ್ತಿಗೆ ಇನ್ನೂ ತಾಗಿರಲಿಲ್ಲ.

"ಅತ್ತೇ, ಅದೊಂದ್ ಬ್ಯಾಡ" ಅಂದ್ಲು ನಾಗಮಣಿ. ಅಳ್ತಾ ಇದ್ಲು, ಹೌದು. ಆದ್ರೂ ಅಂದ್ಲು.

ಓಬಳಮ್ಮ ತಲೆ ಮೇಲೆತ್ತಿದ್ಲು. ಕೂಸನ್ನ ಯಾರ ಕೈಗೂ ಕೊಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ್ಲು. "ಟೀಚ್ರಮ್ಮ, ಕಣ್ಣು ತೆಗೀದೆ ಹಂಗೇ ಕೊಡಕಾಗಲ್ಲ. ನೀವ್ ತೆಗೀರಿ."

"ನಾನಾ? ನನಗೆ ಬರಲ್ಲ ಕಣಮ್ಮ" ಅಂದೆ.

"ನಾನ್ ಹೇಳಿಕೊಡ್ತೀನಿ ಬನ್ನಿ."

ಬೀಗಿತ್ತಿ ಕಡೆ ನೋಡಿದೆ. ಬೇಡ ಅನ್ನಲಿ ಅಂತ ಕಾದೆ, ದೇವರಾಣೆ. ಅವಳು "ಟೀಚ್ರಮ್ಮೋರ್ ತೆಗುದ್ರೆ ಪರವಾಗಿಲ್ಲ" ಅಂತ ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟಳು. ನೋಡಿ, ಇದು ಲೋಕ. ಅದೇ ನೆತ್ತಿ, ಅದೇ ಉಗುಳು, ಬಾಯಿ ಮಾತ್ರ ಬೇರೆ. ನನಗೆ ಅರವತ್ತೊಂದು, ಬಾಯಲ್ಲಿ ಒಂದು ಹಲ್ಲೂ ಬಿದ್ದಿಲ್ಲ.

"ತುಟಿ ಇಡಿ. ಒತ್ಬ್ಯಾಡಿ. ಉಸ್ರು ಎಳ್ಕಳಿ, ಮೆಲ್ಲುಕೆ. ಈಗ ಎಡಕ್ಕೆ" ಅಂತ ಓಬಳಮ್ಮ ಒಂದೊಂದಾಗಿ ಹೇಳಿದ್ಲು, ಕೂಸು ಅವಳ ಕೈಯಲ್ಲೇ ಇತ್ತು. ಅವಳು ಹೇಳಿದಂತೆ ಮಾಡಿದೆ. ಮೂರು ಸಲ ಉಗಿದೆ. ಆಮೇಲೆ ಅವಳು ಕೂಸನ್ನ ನಾಗಮಣಿ ಕೈಗೆ ಕೊಟ್ಟು, ಮಣೆ ತೊಳೆದು ಗೋಡೆಗೆ ಒರಗಿಸಿ, ಮಾಸ್ಕ್ ಬಿಚ್ಚಿ ಮಡಿಸಿ ಬೀಗಿತ್ತಿಗೆ ವಾಪಸ್ ಕೊಟ್ಟಳು.

ನಾಮಕರಣ ಮುಗಿಸಿ ಸಂಜೆ ಬಸ್ ಹತ್ತಿದ್ವಿ. ಮಣೆಯನ್ನ ಅಲ್ಲೇ ಬಿಟ್ಟು ಬಂದಿದ್ಲು, ಯಾಕೆ ಅಂತ ನಾನು ಕೇಳಲಿಲ್ಲ. ಮಿಡಿಗೇಶಿ ಹತ್ರ ಬಂದಾಗ ನನ್ನ ತೋಳು ಮುಟ್ಟಿದ್ಲು.

"ಟೀಚ್ರಮ್ಮ, ನೆತ್ತಿ ಹೆಂಗಿತ್ತು? ಉಪ್ಪಾಗಿತ್ತಾ, ಸಪ್ಪಗಿತ್ತಾ?"

ನನಗೆ ಗೊತ್ತಿರಲಿಲ್ಲ. ತಪ್ಪಾಗಿಬಿಡ್ತದೆ ಅನ್ನೋ ಭಯದಲ್ಲಿ ನನ್ನ ನಾಲಿಗೆಗೆ ಏನೂ ತಿಳಿದಿರಲಿಲ್ಲ. ಅವಳು ನನ್ನ ಬಾಯನ್ನೇ ನೋಡ್ತಾ ಕಾಯ್ತಿದ್ಲು.

"ಸಪ್ಪಗಿತ್ತು ಕಣಮ್ಮ" ಅಂದೆ.

"ಸದ್ಯ" ಅಂದ್ಲು ಓಬಳಮ್ಮ. ಆಮೇಲೆ ಸೆರಗಿನಿಂದ ಬಾಯಿ ಮುಚ್ಕೊಂಡು ಕಿಟಕಿ ಕಡೆ ತಿರುಗಿದ್ಲು, ಮಧುಗಿರಿ ಬರೋವರೆಗೂ ಸೆರಗು ತೆಗೀಲಿಲ್ಲ.